ಬಾಸ್ ಕ್ಲಾರಿನೆಟ್‌ಗೆ ಮೌತ್‌ಪೀಸ್ ಆರಿಸಿಕೊಂಡ ಬಗೆ

ಹೊಸ ಮೌತ್‌ಪೀಸ್ (ಬಾಯಲ್ಲಿಟ್ಟು ಊದುವ ಭಾಗ) ಸಿಕ್ಕಿದ ಕೂಡಲೇ ಎಲ್ಲರೂ ಊದಿ ನೋಡುವುದು ತೀರಾ ಕೆಳಗಿನ ಇ ಸ್ವರವನ್ನು. ತಗ್ಗಿನ ಸ್ವರಗಳ ದೊಡ್ಡ ಕ್ಲಾರಿನೆಟ್ ಆದ ಬಾಸ್ ಕ್ಲಾರಿನೆಟ್‌ನ ಸೊಗಸೆಲ್ಲ ಅಲ್ಲೇ ಇದೆ ಎಂಬ ನಂಬಿಕೆ. ಆದರೆ ಮಂದ್ರದ ಸ್ವರಗಳು ತಕ್ಕಮಟ್ಟಿಗಿನ ಯಾವ ಮೌತ್‌ಪೀಸ್‌ನಲ್ಲೂ ತುಂಬಿಕೊಂಡೇ ನುಡಿಯುತ್ತವೆ. ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಅವುಗಳಿಂದ ಹೆಚ್ಚಿನ ಸಹಾಯವಿಲ್ಲ. ಹಾಗಾಗಿ ನಾನು ಪರೀಕ್ಷೆಯನ್ನು ಮೇಲಿನಿಂದ ಆರಂಭಿಸಿದೆ.

ಕ್ಲಾರಿನೆಟ್‌ನಲ್ಲಿ ಉಳಿದ ಬೆರಳು ಕದಲಿಸದೆ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ಸ್ವರ ಅಲ್ಲಿಂದ ಮೇಲಕ್ಕೆ ಎಣಿಸಿದ ಹನ್ನೆರಡನೆಯ ಸ್ವರಕ್ಕೆ ಹಾರುತ್ತದೆ. ನಡುವಿನ ಡಿ, ಇ, ಎಫ್ ಹಿಡಿದು ಕೀ ಒತ್ತಿದರೆ ಮೇಲಿನ ಎ, ಬಿ, ಸಿ ಬರಬೇಕು. ಸಣ್ಣ ಕ್ಲಾರಿನೆಟ್‌ನಲ್ಲಿ ಇದು ತಾನಾಗಿ ಆಗುತ್ತದೆ. ಬಾಸ್‌ನಲ್ಲಿ ಈ ಮೂರು ಸ್ವರಗಳೇ ಹಟಮಾರಿಗಳು: ಮೊದಲು ಕೆಳಗಿನ ಸ್ವರ ಒಮ್ಮೆ ಗೊರಗುಟ್ಟಿ, ಆಮೇಲೆ ಮೇಲಿನದು ಕಾಣಿಸಿಕೊಳ್ಳುತ್ತದೆ. ಮೆಲ್ಲನೆ ಊದುತ್ತಾ, ನಾಲಿಗೆ ತಾಗಿಸದೆ, ಬರೀ ಹೆಬ್ಬೆರಳಿನಿಂದ ಕೀ ಒತ್ತಿ ನೋಡುವುದು ನನ್ನ ಮೊದಲ ಪರೀಕ್ಷೆ. ತುಟಿ ಬಿಗಿದು ಕಚ್ಚಿದರೆ ಮಾತ್ರ ಮೇಲಿನ ಸ್ವರ ಬರುತ್ತದೆ ಎಂದಾದರೆ ಆ ಮೌತ್‌ಪೀಸ್ ಪಕ್ಕಕ್ಕೆ. ಕೆಳಗಿನ ನಾದ ಎಷ್ಟೇ ದೊಡ್ಡದಿರಲಿ, ನನ್ನ ತೀರ್ಮಾನ ಬದಲಾಗುವುದಿಲ್ಲ.

ಊದುವ ಮುಂಚೆ ಕಣ್ಣಿನ ಕೆಲಸವೂ ಇದೆ. ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಕೂರುವ ಸಮತಟ್ಟಾದ ಭಾಗವನ್ನು ಬೆಳಕಿಗೆ ಹಿಡಿದು, ಅಕ್ಕಪಕ್ಕದ ಎರಡು ಅಂಚುಗಳು ಒಂದೇ ಅಗಲ ಇವೆಯೇ, ತುದಿಯಲ್ಲಿ ಚೂರು ಹಾರಿದೆಯೇ ಎಂದು ನೋಡುತ್ತೇನೆ. ಬಳಿಕ ನೆನೆಸಿದ ರೀಡ್ ಕಟ್ಟಿ, ಹಿಂದಿನ ರಂಧ್ರವನ್ನು ಅಂಗೈಯಿಂದ ಮುಚ್ಚಿ, ಒಳಗಿನ ಗಾಳಿಯನ್ನು ಎಳೆದು ಬಾಯಿ ತೆಗೆಯುತ್ತೇನೆ. ರೀಡ್ ಒಂದೆರಡು ಕ್ಷಣ ಅಂಟಿಕೊಂಡಿದ್ದು ಆಮೇಲೆ ‘ಟಪ್’ ಎಂದು ಬಿಟ್ಟರೆ ಗಾಳಿ ಸೋರುತ್ತಿಲ್ಲ ಎಂದು ಲೆಕ್ಕ. ತಕ್ಷಣವೇ ಬಿಟ್ಟುಕೊಂಡರೆ ರೀಡ್ ಡೊಂಕಾಗಿರಬೇಕು, ಇಲ್ಲವೇ ಮೌತ್‌ಪೀಸ್‌ನ ಸಮತಟ್ಟಾದ ಭಾಗವೇ ಸರಿಯಿಲ್ಲ. ಇನ್ನೊಂದು ರೀಡ್ ಹಾಕಿದರೆ ಯಾವುದೆಂದು ತಿಳಿಯುತ್ತದೆ.

ರೀಡ್ ವಿಚಾರದಲ್ಲಿ ನಾನು ಹಟ ಹಿಡಿದವನು. ಹಳೆಯ ಮೌತ್‌ಪೀಸ್‌ನಲ್ಲಿ ಪಳಗಿದ ರೀಡ್ ಅದಕ್ಕೇ ಒಗ್ಗಿಕೊಂಡಿರುತ್ತದೆ. ಅದನ್ನು ಹೊಸದಕ್ಕೆ ಹಾಕಿ ‘ಇದು ಊದುವುದಿಲ್ಲ’ ಎನ್ನುವುದು ಅನ್ಯಾಯ. ತುದಿಯ ತೆರವು, ಅಂದರೆ ಮೌತ್‌ಪೀಸ್ ತುದಿಗೂ ರೀಡ್ ತುದಿಗೂ ನಡುವಿನ ಸಂದು, ಹೆಚ್ಚಿದ್ದರೆ ಮೆದುವಾದ ರೀಡ್ ಬೇಕು, ಕಡಿಮೆಯಿದ್ದರೆ ಸ್ವಲ್ಪ ಗಟ್ಟಿಯದು ಒಪ್ಪುತ್ತದೆ. ಸಣ್ಣ ಕ್ಲಾರಿನೆಟ್‌ನಲ್ಲಿ ಈ ತೆರವು ಸುಮಾರು 1 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ, ಬಾಸ್‌ನಲ್ಲಿ ಅದು 2 ಮಿಲಿಮೀಟರ್‌ಗೆ ಹತ್ತಿರವಾಗುತ್ತದೆ. ಆದ್ದರಿಂದ ಪ್ರತಿ ಮೌತ್‌ಪೀಸ್‌ಗೂ ಮೆದು, ನಡುವಣ, ಗಟ್ಟಿ ಎಂದು ಮೂರು ಬಗೆಯ ಹೊಸ ರೀಡ್‌ಗಳನ್ನು ಹಾಕಿ ನೋಡಿದೆ. ಟೆನರ್ ಸ್ಯಾಕ್ಸೊಫೋನ್ ರೀಡ್‌ಗಳೂ ಬಾಸ್ ಕ್ಲಾರಿನೆಟ್‌ಗೆ ಕೂರುತ್ತವೆ, ಅನೇಕರು ಅವನ್ನೇ ಬಳಸುತ್ತಾರೆ. ನನಗೆ ಅವುಗಳ ನಾದ ತುಸು ಒರಟು ಎನಿಸಿತು.

ತರಿಸಿಕೊಳ್ಳುವಾಗ ಒಂದು ಎಚ್ಚರ: ವಾಂಡೊರೆನ್ ಕಂಪನಿಯ ಮೌತ್‌ಪೀಸ್‌ಗಳಲ್ಲಿ ಬಿ40 ಎಂಬ ಹೆಸರು ಸಣ್ಣ ಕ್ಲಾರಿನೆಟ್‌ಗೂ ಇದೆ, ಬಾಸ್‌ಗೂ ಇದೆ. ‘ಬಾಸ್’ ಎಂದು ಬಿಡಿಸಿ ಹೇಳದಿದ್ದರೆ ಕೈಗೆ ಬರುವುದು ಪುಟ್ಟ ಮೌತ್‌ಪೀಸ್.

ತುದಿ ಅಗಲವಾಗಿ ತೆರೆದ ಮೌತ್‌ಪೀಸ್‌ಗಳು ಊದುವವನ ಕಿವಿಗೆ ಬಹಳ ಹಿತ. ಕಂಪನ ಮೇಲಿನ ಹಲ್ಲಿನಿಂದ ನೇರ ತಲೆಬುರುಡೆಗೆ ಏರಿ, ಇಡೀ ಕೋಣೆಯೇ ನಡುಗುತ್ತಿದೆ ಎನಿಸುತ್ತದೆ. ಕೋಣೆಯ ಆ ಮೂಲೆಯಲ್ಲಿ ಮೊಬೈಲ್ ಇಟ್ಟು ಧ್ವನಿಮುದ್ರಿಸಿಕೊಂಡು ಕೇಳಿದಾಗ ಬೇರೆಯದೇ ಕಥೆ: ಬಾಯಲ್ಲಿ ಗರ್ಜಿಸುತ್ತಿದ್ದದ್ದು ಅಲ್ಲಿ ಗಾಳಿ ಬೆರೆತ ಮಸುಕು ಧ್ವನಿ, ಬಾಯಲ್ಲಿ ಸಪ್ಪೆ ಎನಿಸಿದ ಮಧ್ಯಮ ತೆರವಿನದು ಅಲ್ಲಿ ದುಂಡಗೆ, ಅಂಚು ಕಟ್ಟಿದಂತೆ ಕೇಳಿಸಿತು. ಮೌತ್‌ಪೀಸ್ ಮೇಲೆ ಹಲ್ಲು ಕೂರುವ ಜಾಗಕ್ಕೆ ದಪ್ಪ ರಬ್ಬರ್ ತುಂಡು ಅಂಟಿಸಿಕೊಂಡರೆ ಈ ಭ್ರಮೆ ಅರ್ಧ ಇಳಿಯುತ್ತದೆ.

ಶ್ರುತಿ ಕೊನೆಯ ಜರಡಿ. ಮೌತ್‌ಪೀಸ್ ಒಳಗಿನ ಟೊಳ್ಳಿನ ಅಳತೆ ವಾದ್ಯಕ್ಕೆ ಹೊಂದದಿದ್ದರೆ ಕೆಳಗಿನ ಸ್ವರವೂ ಅದರ ಹನ್ನೆರಡನೆಯದೂ ಒಂದಕ್ಕೊಂದು ಕೂಡುವುದಿಲ್ಲ. ಒಂದನ್ನು ಸರಿಪಡಿಸಲು ಕುತ್ತಿಗೆಯಿಂದ ಮೌತ್‌ಪೀಸ್ ಹೊರಗೆಳೆದರೆ ಇನ್ನೊಂದು ಕೆಡುತ್ತದೆ. ಟ್ಯೂನರ್ ಪರದೆಗೆ ಬೆನ್ನು ಮಾಡಿ ಸ್ವರ ಊದಿ, ಅದು ನೆಲೆ ನಿಂತ ಮೇಲೆ ತಿರುಗಿ ನೋಡುತ್ತಿದ್ದೆ. ಕಣ್ಣು ಮುಳ್ಳಿನ ಮೇಲಿದ್ದರೆ ತುಟಿ ನಮಗೆ ತಿಳಿಯದೆಯೇ ಸ್ವರವನ್ನು ಎಳೆದು ಕೂರಿಸಿಬಿಡುತ್ತದೆ, ಮೌತ್‌ಪೀಸ್‌ನ ದೋಷ ಮುಚ್ಚಿಹೋಗುತ್ತದೆ.

ಕೊನೆಗೆ ಉಳಿಸಿಕೊಂಡದ್ದು ಎಬೊನೈಟ್‌ನ (ಗಟ್ಟಿ ರಬ್ಬರಿನ), ಮಧ್ಯಮ ತೆರವಿನ ಒಂದು. ಮೇಲಿನ ಬಿ ಅದರಲ್ಲಿ ಮೆಲ್ಲಗೆ ಊದಿದರೂ ಗೊರಗುಟ್ಟದೆ ಬರುತ್ತದೆ. ಮಂದ್ರದ ಅಬ್ಬರ ತುಸು ಕಡಿಮೆ, ಅದು ನನಗೆ ಒಪ್ಪಿಗೆ. ಅದರ ಕಾರ್ಕ್ ನನ್ನ ವಾದ್ಯದ ಕುತ್ತಿಗೆಗೆ ಸಡಿಲವಾಗಿತ್ತು, ಹೊಸ ಕಾರ್ಕ್ ಹಾಕಿಸಿದೆ. ಅಲ್ಲಿ ಗಾಳಿ ಸೋರಿದರೂ ಲಕ್ಷಣ ಅದೇ ಗೊರಗುಟ್ಟುವಿಕೆ. ಆದ್ದರಿಂದ ಮೌತ್‌ಪೀಸನ್ನು ದೂರುವ ಮೊದಲು ಕಾರ್ಕ್ ನೋಡಬೇಕು. ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಬಿಸಿನೀರು ಬಿದ್ದರೆ ಎಬೊನೈಟ್ ಕಂದು ತಿರುಗಿ ಗಂಧಕದ ವಾಸನೆ ಬಿಡುತ್ತದೆ.