ಬೋರ್ಡಿಗಿಂತ ಮೊದಲು ಮಣ್ಣು

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮೊದಲೆಲ್ಲ ನಮ್ಮ ಹುಡುಗರು ಕುಂಡದ ತುಳಸಿಗೆ ಸೆನ್ಸರ್ ಚುಚ್ಚಿ, ಎಲ್‌ಇಡಿ ಹೊತ್ತಿಸಿ ಅಂಕ ಪಡೆಯುತ್ತಿದ್ದರು. ಈಗ ಮಣ್ಣಿನ ತೇವ ಅಳೆದು ರೈತರ ಮೊಬೈಲಿಗೆ ತಿಳಿಸುವ ಸಾಧನ ಮಾಡಿಸಲು ಅವರನ್ನು ಚನ್ನಗಿರಿ ಕಡೆಯ ಒಂದು ಅಡಿಕೆ ತೋಟಕ್ಕೆ ಕರೆದೊಯ್ಯುತ್ತೇನೆ. ನೀವೂ ಕಲಿಸುವವರಾದರೆ ಹೀಗೆ ಮಾಡಿ ನೋಡಿ.

ಮೊದಲ ಭೇಟಿಗೆ ಲ್ಯಾಪ್‌ಟಾಪ್ ಬೇಡ. ವಿದ್ಯಾರ್ಥಿಗಳನ್ನು ತೋಟದ ಯಜಮಾನರ ಮುಂದೆ ಸುಮ್ಮನೆ ಕೂರಿಸಿ. ನಮ್ಮವರು ಸ್ಮಾರ್ಟ್ ಕೃಷಿಯ ಭಾಷಣ ಮುಗಿಸಿದ ಮೇಲೆ ಯಜಮಾನರು ಕೇಳಿದ್ದು ಇಷ್ಟೇ: "ಮೇಷ್ಟ್ರೇ, ತ್ರೀಫೇಸ್ ಕರೆಂಟು ರಾತ್ರಿ ಬರುತ್ತದೆ. ಎದ್ದು ಮೋಟಾರ್ ಹಾಕಬೇಕೋ, ನಾಳೆಗೆ ತಡೆಯುತ್ತದೋ? ಅದನ್ನು ಹೇಳಿದರೆ ಸಾಕು." ಮೊಬೈಲಿನಿಂದ ಮೋಟಾರ್ ಹಾಕುವ ಸ್ಟಾರ್ಟರ್ ಅಂಗಡಿಯಲ್ಲೇ ಸಿಗುತ್ತದೆ, ಬೇರಿನ ಬಳಿ ತೇವ ಎಷ್ಟಿದೆ ಎಂದು ಅದು ಹೇಳುವುದಿಲ್ಲ.

ಎರಡು ಕಡ್ಡಿಯ ಅಗ್ಗದ ಸೆನ್ಸರ್ ಬೇಡ, ಹಸಿ ಮಣ್ಣಿನಲ್ಲಿ ವಿದ್ಯುತ್ ಹರಿದು ಕಡ್ಡಿ ಸವೆದುಹೋಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಕೊಳ್ಳಿ, ನೀರು ಒಳಗಿಳಿಯದಂತೆ ಅದರ ಅಂಚಿಗೆ ಉಗುರುಬಣ್ಣ ಬಳಿಯಿರಿ.

ಸೆನ್ಸರಿನ ಯಾವ ಅಂಕಿಗೆ ಎಷ್ಟು ತೇವ ಎಂದು ತಾಳೆ ಹಾಕಲು ಎರಡು ವಾರ ಕೊಡಿ, ಕಡಿಮೆ ಮಾಡಬೇಡಿ. ತೋಟದ ಮಣ್ಣನ್ನು ಒವನ್‌ನಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, 500 ಗ್ರಾಂ ತೂಗಿ ಡಬ್ಬಿಗೆ ತುಂಬಿ. 50 ಗ್ರಾಂ ನೀರು ಬೆರೆಸಿದರೆ ತೂಕದ ಲೆಕ್ಕದಲ್ಲಿ ಶೇ 10 ತೇವ. ಸೆನ್ಸರ್ ಇಟ್ಟು ಅಂಕಿ ಬರೆದುಕೊಳ್ಳಿ, ಮತ್ತೆ 50 ಗ್ರಾಂ ಬೆರೆಸಿ. ಇಎಸ್‌ಪಿ32 ಎಂಬ, ಸೆನ್ಸರನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್ ಕೊಡುವುದು 0ರಿಂದ 4095ರ ನಡುವಿನ ಒಂದು ಸಂಖ್ಯೆ. ತೇವ ಹೆಚ್ಚಿದಂತೆ ಅದು ಇಳಿಯುತ್ತದೆ. ಒಬ್ಬ ಹುಡುಗಿಯ ಅಂಕಿಗಳು ಮಾತ್ರ ಹಾರಾಡುತ್ತಿದ್ದವು. ಬೋರ್ಡ್ ಬದಲಿಸಿದಳು, ವೈರ್ ಬದಲಿಸಿದಳು. ಕೊನೆಗೆ ನೋಡಿದರೆ ಒಮ್ಮೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿದ್ದಳು, ಇನ್ನೊಮ್ಮೆ ಸಡಿಲ ಬಿಟ್ಟಿದ್ದಳು. ಕೆಂಪು ಮಣ್ಣಿನ ತೇವ-ಅಂಕಿಯ ಗ್ರಾಫ್ ಎರೆ ಮಣ್ಣಿಗೆ ನಡೆಯುವುದಿಲ್ಲ ಎಂದು ಆಮೇಲೆ ನಾನು ಹೇಳಬೇಕಾಗಿಯೇ ಬರಲಿಲ್ಲ.

ಲ್ಯಾಬಿನಲ್ಲಿ ಪರೀಕ್ಷಿಸುವಾಗ ವೈಫೈ ಚಾಲೂ ಆದೊಡನೆ ಇಎಸ್‌ಪಿ32ರ ಕೆಲವು ಪಿನ್‌ಗಳು ಸೆನ್ಸರನ್ನು ಓದುವುದಿಲ್ಲ. 32ರಿಂದ 39ರೊಳಗಿನವನ್ನು ಬಳಸಬೇಕು. ಗೊತ್ತಿದ್ದೂ ನಾನು ಒಂದು ಮಧ್ಯಾಹ್ನ ಬಾಯಿ ಬಿಡುವುದಿಲ್ಲ. ಬೋರ್ಡಿನ ವಿವರಗಳಿರುವ ಡೇಟಾಶೀಟ್ ತೆರೆಯಿಸಲು ನನಗೆ ಬೇರೆ ಉಪಾಯ ಸಿಕ್ಕಿಲ್ಲ.

ತರಗತಿಯನ್ನು ಮೂರು ತಂಡ ಮಾಡಿ: ಸೆನ್ಸರ್, ರೇಡಿಯೋ, ಸಂದೇಶ. ತೋಟದಲ್ಲಿ ವೈಫೈ ಇಲ್ಲ, ಹಾಗಾಗಿ ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳುಹಿಸುವ ಲೋರಾ ರೇಡಿಯೋ. ನಮ್ಮಲ್ಲಿ 865–867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಏನೇನು ಕಳುಹಿಸಬೇಕು ಎಂದು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ: ತೋಟದಲ್ಲಿಟ್ಟ ಸೆನ್ಸರ್ ಡಬ್ಬಿಯ ಸಂಖ್ಯೆ, ಬೋರ್ಡ್ ಕೊಟ್ಟ ಅಂಕಿ ಇದ್ದ ಹಾಗೇ, ಬ್ಯಾಟರಿ ವೋಲ್ಟೇಜ್, ಸಮಯ. ಶೇಕಡಾ ಲೆಕ್ಕ ಕೊನೆಯ ತಂಡದ್ದು. ಒಂದು ವರ್ಷ ಸೆನ್ಸರ್ ತಂಡ ತಾನೇ ಶೇಕಡಾ ಮಾಡಿ ಕಳುಹಿಸಿತು, ಸಂದೇಶದ ತಂಡ ಅದನ್ನು ಮತ್ತೆ ಶೇಕಡಾ ಮಾಡಿತು. ಬಿರುಬಿಸಿಲಿನಲ್ಲಿ ಒಣಗಿದ ಮಣ್ಣಿನ ಮೇಲೆ ನಿಂತಿದ್ದ ಯಜಮಾನರ ಮೊಬೈಲಿಗೆ "ಮಣ್ಣು ಒದ್ದೆಯಾಗಿದೆ" ಎಂದು ಬಂತು.

ನೀರು ಬೇಕೆನ್ನುವ ಮಿತಿಯನ್ನು ಅಂತರ್ಜಾಲದಲ್ಲಿ ಹುಡುಕಬೇಡಿ. ಯಜಮಾನರು ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ "ಇವತ್ತು ಬಿಡಬೇಕು" ಎಂದ ದಿನದ ಅಂಕಿಯೇ ಮಿತಿ. ಸ್ಟಾರ್ಟರ್ ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟಕೂಡದು. ಅದು 415 ವೋಲ್ಟ್, ಎಲೆಕ್ಟ್ರಿಷಿಯನ್ ಕೆಲಸ.

ಪರೀಕ್ಷೆ ಮುಗಿದರೂ ಡಬ್ಬಿಗಳು ತೋಟದಲ್ಲೇ ಇರಲಿ. ಅವನ್ನು ಬಿಚ್ಚಿ ಏನು ಕೆಟ್ಟಿದೆ ಎಂದು ಪತ್ತೆ ಮಾಡುವುದು ಮುಂದಿನ ಬ್ಯಾಚಿನ ಮೊದಲ ಪಾಠ. ಕಳೆದ ಸಲ ಬಿಚ್ಚಿದಾಗ ಒಳಗೆ ಇರುವೆ ಗೂಡು ಕಟ್ಟಿತ್ತು. ವೈರಿನ ತೂತಿಗೆ ಎಂ-ಸೀಲ್ ಮೆತ್ತುವುದನ್ನು ಎಲ್ಲರೂ ಮರೆತಿದ್ದೆವು.