4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮೆಮೊರಿ ಪ್ರಯೋಗ

ಕ್ಯಾತ್ಸಂದ್ರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅಲ್ಲಿನ ಹಳೇ ಲ್ಯಾಪ್‌ಟಾಪ್‌ಗೆ ಇರೋದೇ 4 ಜಿಬಿ ರ‍್ಯಾಮ್. ಲಿನಕ್ಸ್ ಕಲಿಯುವ ಉಮೇದಿನಲ್ಲಿ, ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಒಳಗಿನ ಲಿನಕ್ಸ್ ಆವೃತ್ತಿ ಡೆಬಿಯನ್‌ಗೆ ಧಾರಾಳವಾಗಿ 3 ಜಿಬಿ ಕೊಟ್ಟುಬಿಟ್ಟೆ. ಮೌಸ್ ಅಲ್ಲಾಡಲಿಲ್ಲ. ಲಗ್ನಪತ್ರಿಕೆಗೆ ಕಾದಿದ್ದ ಗಿರಾಕಿ ತಟ್ಟೆ ಇಡ್ಲಿ ತಿಂದು ಬಂದರೂ ಪರದೆ ಹಾಗೇ ಇತ್ತು.

ನೀವು 1 ಜಿಬಿ ಕೊಡಿ, ಸಾಕು. ಡೆಸ್ಕ್‌ಟಾಪ್ ಬೇಡ, ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಮಾತ್ರ ಇರಲಿ. ಶುರು ಮಾಡುವ ಮೊದಲು, ಕೆಟ್ಟರೆ ಈಗಿನ ಸ್ಥಿತಿಗೆ ಮರಳಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ.

ಸ್ವಾಪ್ ಅಂದರೆ ಮೆಮೊರಿ ಸಾಲದಾಗ ಬಳಸಲು ಡಿಸ್ಕಿನಲ್ಲಿ ಇಟ್ಟ ಜಾಗ, ಮನೆಯ ಅಟ್ಟ ಇದ್ದ ಹಾಗೆ. ಅಡುಗೆ ಕಟ್ಟೆ ತುಂಬಿದಾಗ ಸದ್ಯಕ್ಕೆ ಬೇಡದ ಪಾತ್ರೆ ಅಟ್ಟ ಸೇರುತ್ತದೆ. ಬೇಕಾದಾಗ ಏಣಿ ಹತ್ತಿ ಇಳಿಸಬೇಕು. ಹಳೇ ಹಾರ್ಡ್ ಡಿಸ್ಕ್ ಆದರೆ ಏಣಿ ತುಂಬಾ ಉದ್ದ. ಅವತ್ತು ನನಗೆ ಆಗಿದ್ದೂ ಇದೇ: ಡೆಬಿಯನ್ ರ‍್ಯಾಮ್ ಬಹುಪಾಲು ಹಿಡಿದುಕೊಂಡಿದ್ದರಿಂದ ವಿಂಡೋಸ್ ತನ್ನ ಸಾಮಾನನ್ನೇ ಸದ್ದಿಲ್ಲದೆ ಅಟ್ಟಕ್ಕೆ ಹಾಕುತ್ತಿತ್ತು.

ಈಗ ಡೆಬಿಯನ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಲಾಗಿನ್ ಆಗಿ 'ಸ್ವಾಪ್‌ಆಫ್' ಆಜ್ಞೆಗೆ ಹೈಫನ್ ಎ ಸೇರಿಸಿ ಕೊಡಿ. ಅಟ್ಟ ಬಂದ್. ಆಲ್ಟ್ ಜೊತೆ ಎಫ್2 ಒತ್ತಿ, ಇನ್ನೊಂದು ಲಾಗಿನ್‌ನಲ್ಲಿ 'ಫ್ರೀ' ಆಜ್ಞೆಗೆ ಹೈಫನ್ ಎಚ್, ಹೈಫನ್ ಎಸ್ 1 ಹಾಕಿ. ಸೆಕೆಂಡಿಗೊಮ್ಮೆ ಲೆಕ್ಕ ತೋರಿಸುತ್ತದೆ. 'ಫ್ರೀ' ಕಾಲಂ ಸಣ್ಣದಿದೆ ಅಂತ ಗಾಬರಿ ಬೇಡ. ಖಾಲಿ ರ‍್ಯಾಮನ್ನು ಲಿನಕ್ಸ್ ಫೈಲುಗಳ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಕೇಳಿದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು 'ಅವೈಲಬಲ್' ಕಾಲಂ.

ಎಫ್1ಕ್ಕೆ ವಾಪಸ್ ಬಂದು, ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ 'ಟೈಲ್' ಆಜ್ಞೆಗೆ ಡೆವ್ ಒಳಗಿನ ಝೀರೋ (/dev/zero, ಬರೀ ಸೊನ್ನೆ ಕೊಡುತ್ತಲೇ ಇರುವ ವಿಶೇಷ ಫೈಲ್) ಓದಲು ಕೊಡಿ. ಅದಕ್ಕೆ ಕೊನೆಯೇ ಇಲ್ಲ, ಅಲ್ವಾ? ಕೊನೆಯ ಸಾಲು ಹುಡುಕುತ್ತಾ ಟೈಲ್ ಮೆಮೊರಿ ನುಂಗುತ್ತಾ ಹೋಗುತ್ತದೆ. ಆಮೇಲೆ ಒಂದೇ ಪದ: 'ಕಿಲ್ಡ್'. ಮೆಮೊರಿ ಮುಗಿದಾಗ ಲಿನಕ್ಸಿನ ತಿರುಳಾದ ಕರ್ನೆಲ್ ಜಾಸ್ತಿ ತಿಂದವರನ್ನು ಹುಡುಕಿ ಮುಗಿಸುತ್ತದೆ. ಕರ್ನೆಲ್ ಸಂದೇಶ ತೋರಿಸುವ 'ಡಿಮೆಸೇಜ್' (dmesg) ತೆರೆದರೆ ಟೈಲ್ ಹೆಸರು ಸಮೇತ ಸಿಗುತ್ತದೆ.

ಇನ್ನು ಅಟ್ಟ ಕಟ್ಟೋಣ. 'ಫಾಲೊಕೇಟ್'ನಿಂದ 1 ಜಿಬಿಯ ಫೈಲ್ ಮಾಡಿ. 'ಸಿಎಚ್‌ಮಾಡ್ 600' ಮರೆಯಬೇಡಿ. ಮೆಮೊರಿಯಲ್ಲಿದ್ದ ಪಾಸ್‌ವರ್ಡೂ ಆ ಫೈಲಿಗೆ ಹೋಗಿರಬಹುದು, ಬೇರೆಯವರು ಓದಬಾರದು. ನಂತರ ಆ ಫೈಲನ್ನು ಸ್ವಾಪ್ ಆಗಿಸಲು 'ಎಂಕೆಸ್ವಾಪ್', ಕೊನೆಗೆ 'ಸ್ವಾಪ್‌ಆನ್'. ಎಫ್‌ಎಸ್‌ಟ್ಯಾಬ್‌ ಎಂಬ, ಬೂಟ್ ಆಗುವಾಗ ಓದುವ ಪಟ್ಟಿಗೆ ಸೇರಿಸದಿದ್ದರೆ ರೀಬೂಟ್ ಆದಮೇಲೆ ಇದು ತಾನಾಗಿ ಆನ್ ಆಗದು. ಪ್ರಯೋಗಕ್ಕೆ ಅದೇ ಒಳ್ಳೆಯದು.

ಮತ್ತೆ ಟೈಲ್ ಓಡಿಸಿ. ಈ ಸಲ ಸ್ವಾಪ್ ಸಾಲು ತುಂಬುತ್ತಾ ಹೋಗುತ್ತದೆ, ಡಿಸ್ಕ್ ದೀಪ ಮಿನುಗುತ್ತದೆ, ಟೈಪ್ ಮಾಡಿದ ಅಕ್ಷರ ಮೂಡಲೂ ತಡ. ಸುಮ್ನೆ ಕಾಯಿರಿ. ಅಟ್ಟವೂ ತುಂಬಿದ ಮೇಲೆ ಬರುವುದು ಮತ್ತೆ ಅದೇ ಪದ, 'ಕಿಲ್ಡ್'.