ಹಲ್ಲಿಗೆ ಸಿಮೆಂಟ್ ಹಾಕಿಸಿದ ಮೇಲೆ ನೋವೇ? ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಓಡಬೇಕು

"ಹಾಕಿಸುವ ಮುಂಚೆ ನೋವೇ ಇರಲಿಲ್ಲ. ಹಾಕಿಸಿಕೊಂಡು ಬಂದ ಮೇಲೇ ಶುರುವಾಯ್ತು."

ಶಿರಸಿ ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ನಾನೂ ಹೇಳಿದ್ದೇನೆ. ಎರಡು ವರ್ಷದ ಹಿಂದೆ ಕೆಳಗಿನ ದವಡೆ ಹಲ್ಲಿನ ಹುಳುಕು ತೆಗೆಸಿ ಸಿಮೆಂಟ್ ಹಾಕಿಸಿಕೊಂಡು ಬಂದೆ. ಮಾರನೇ ದಿನ ದೋಸೆ ಅಗಿಯಲು ಹೋದರೆ ಬಾಯಲ್ಲಿ ಎಲ್ಲಕ್ಕಿಂತ ಮೊದಲು ಆ ಹಲ್ಲೇ ತಾಗುತ್ತಿತ್ತು. ಒಳಗೆ ಯಾರೋ ಕುಟ್ಟಿದ ಹಾಗೆ ನೋವು. ಆದರೆ ಮತ್ತೆ ಶಿರಸಿಗೆ ಹೋಗಬೇಕು, ತೋಟದ ಕೆಲಸ ಬೇರೆ ಇತ್ತು. ಅದಕ್ಕಿಂತ ಜಾಸ್ತಿ, ಹೋಗಿ ಹೇಳಿದರೆ ಡಾಕ್ಟರಿಗೆ "ನೀವು ಮಾಡಿದ್ದು ಸರಿ ಇಲ್ಲ" ಎಂದ ಹಾಗಾಗುತ್ತದೆ ಎಂಬ ದಾಕ್ಷಿಣ್ಯ. ಇಪ್ಪತ್ತು ದಿನ ಒಂದೇ ಬದಿಯಲ್ಲಿ ಉಂಡೆ. ಕೊನೆಗೆ ಆಯಿ ಗದರಿದಳು: "ಎಂತಕ್ಕೆ ಸುಮ್ನೆ ತಡ್ಕತ್ತೆ? ಹೋಗಿ ತೋರ್ಸ್ಕ್ಯಂಡು ಬಾ."

ಹೋದೆ. ಡಾಕ್ಟರು ಒಂದು ನೀಲಿ ಕಾಗದ ಕಚ್ಚಿಸಿದರು. ಸಿಮೆಂಟ್ ಎತ್ತರವಾಗಿದ್ದ ಜಾಗದಲ್ಲಿ ಬಣ್ಣ ಕೂತಿತು. ಅಷ್ಟನ್ನೇ ಉಜ್ಜಿ ತೆಗೆದರು. ಐದು ನಿಮಿಷವೂ ಹಿಡಿಯಲಿಲ್ಲ. ನಾಲ್ಕೈದು ದಿನದಲ್ಲಿ ನೋವು ಪೂರ್ತಿ ಹೋಯಿತು.

ಫಿಲ್ಲಿಂಗ್ ನಂತರದ ನೋವೆಲ್ಲ ಒಂದೇ ಜಾತಿಯದಲ್ಲ. ಕೆಲವು ಕಾದರೆ ತಾವಾಗಿಯೇ ಹೋಗುತ್ತವೆ. ಕೆಲವು ಎಷ್ಟು ಕಾದರೂ ಹೋಗುವುದಿಲ್ಲ, ಕಾದಷ್ಟೂ ಕೆಲಸ ಕೆಡುತ್ತದೆ. ಯಾವುದು ಯಾವ ಜಾತಿಯದು ಎಂದು ಮನೆಯಲ್ಲೇ ಬಹಳಷ್ಟು ಗುರುತು ಹಿಡಿಯಬಹುದು.

ಕುರ್ಚಿಯಿಂದ ಏಳುವ ಮುಂಚೆ

ಎರಡು ಪ್ರಶ್ನೆ ಕೇಳಿ. ಹಾಕಿದ್ದು ಯಾವ ಸಿಮೆಂಟ್? ಹುಳುಕು ಎಷ್ಟು ಆಳ ಇತ್ತು? ಹಲ್ಲಿನ ಬಣ್ಣದ ಕಾಂಪೊಸಿಟ್ ಆದರೆ ನೀಲಿ ಬೆಳಕು ಹಿಡಿದಾಗಲೇ ಗಟ್ಟಿಯಾಗುತ್ತದೆ. ಬೆಳ್ಳಿ ಬಣ್ಣದ ಅಮಾಲ್ಗಮ್ ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕು. ಗ್ಲಾಸ್ ಅಯಾನೊಮರ್ ಎಂಬ ಬಿಳಿ ಸಿಮೆಂಟಿಗೂ ಒಂದು ದಿನ ಬಿಡುವು ಕೊಡುವುದು ಒಳ್ಳೆಯದು. ಇನ್ನು ಆಳ ಯಾಕೆ ಕೇಳಬೇಕು ಎಂದರೆ, ನರದ ಹತ್ತಿರದ ತನಕ ಹುಳುಕು ಹೋಗಿದ್ದರೆ ಆಮೇಲಿನ ನೋವು ಜಾಸ್ತಿ ದಿನ ಇರಬಹುದು. ಇದು ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

ಡಾಕ್ಟರು ಕಚ್ಚಿ ನೋಡಿ ಎಂದಾಗ ಸುಮ್ನೆ ತಲೆ ಆಡಿಸಬೇಡಿ. ಎರಡೂ ಬದಿಯ ಹಲ್ಲು ಒಟ್ಟಿಗೆ ಕೂರುತ್ತವೆಯೇ ಎಂದು ನಿಧಾನ ನೋಡಿ. ಆದರೆ ಮರಗಟ್ಟಿದ ಬಾಯಲ್ಲಿ ಇದು ಸರಿಯಾಗಿ ಗೊತ್ತಾಗುವುದಿಲ್ಲ. ಎತ್ತರದ ಫಿಲ್ಲಿಂಗ್ ಮನೆಗೆ ಬಂದ ಮೇಲೆ ಪತ್ತೆಯಾಗುವುದು ಅದಕ್ಕೇ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಬಹುಪಾಲು ಡಾಕ್ಟರ ತಪ್ಪೂ ಇಲ್ಲ.

ಮರಗಟ್ಟಿದ್ದು ಬಿಡುವ ತನಕ

ಇಂಜೆಕ್ಷನ್ನಿನ ಜೋಮು ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಕೆಳದವಡೆಯಲ್ಲಿ ಸ್ವಲ್ಪ ಜಾಸ್ತಿಯೇ. ಅಲ್ಲಿಯ ತನಕ ಅಗಿಯಬೇಡಿ, ಬಿಸಿ ಚಹಾ ಬೇಡ, ಕವಳವಂತೂ (ಎಲೆ ಅಡಿಕೆ) ಬೇಡವೇ ಬೇಡ. ಕೆನ್ನೆ, ತುಟಿ, ನಾಲಿಗೆ ಕಚ್ಚಿಕೊಂಡರೂ ಆಗ ತಿಳಿಯುವುದಿಲ್ಲ. ಮಕ್ಕಳಿಗೆ ಮರಗಟ್ಟಿದ ತುಟಿ ಕಚ್ಚುವುದೇ ಒಂದು ಆಟ. ಸಂಜೆಗೆ ತುಟಿ ಊದಿ ಗಾಯ ಆಗಿರುತ್ತದೆ. ಜೋಮು ಬಿಡುವ ತನಕ ಮಗುವಿನ ಮೇಲೆ ಒಂದು ಕಣ್ಣಿಡಿ.

ಮೊದಲ ಎರಡು ಮೂರು ದಿನ

ಇಂಜೆಕ್ಷನ್ ಚುಚ್ಚಿದ ಜಾಗ, ಸಿಮೆಂಟ್ ಹಾಕುವಾಗ ಹಲ್ಲಿನ ಸುತ್ತ ಕಟ್ಟಿದ್ದ ಪಟ್ಟಿ ಒತ್ತಿದ ವಸಡು, ಬಾಯಿ ಅಗಲಿಸಿಕೊಂಡು ಕೂತ ದವಡೆ, ಇವು ನೋಯುವುದು ಸಹಜ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ. ಊಟಕ್ಕೆ ಕುಚಲಕ್ಕಿ ಗಂಜಿ, ಮೆತ್ತಗಿನ ಅನ್ನ, ತಂಬುಳಿ ಸಾಕು. ತಂಬುಳಿ ಫ್ರಿಜ್ಜಿನಿಂದ ತೆಗೆದ ತಣ್ಣಗಿನದ್ದಾಗದಿರಲಿ. ಹಲ್ಲು ಉಜ್ಜುವುದನ್ನು ಮಾತ್ರ ಬಿಡಬೇಡಿ. ಮೆತ್ತನೆಯ ಬ್ರಶ್ಶಿನಲ್ಲಿ ನಿಧಾನ ಉಜ್ಜಿ.

ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ ಮಾತ್ರೆ, ಆರು ಗಂಟೆಗೊಮ್ಮೆ. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವ ಅಭ್ಯಾಸ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಮಕ್ಕಳಿಗೆ ತೂಕ ನೋಡಿಯೇ ಕೊಡಬೇಕು. ಐಬುಪ್ರೊಫೆನ್ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ಮಾತು ಒತ್ತಿ ಹೇಳಬೇಕು. ಹಲ್ಲುನೋವಿನ ಜೊತೆ ಜ್ವರವೂ ಬಂದಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ. ಮಳೆಗಾಲದಲ್ಲಿ ಡೆಂಗಿ ಇರುತ್ತದೆ. ಬೇಸಿಗೆಯ ಕಡೆಗೆ ಸಿದ್ದಾಪುರ, ಶಿರಸಿ ಸೀಮೆಯ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ. ಎರಡರಲ್ಲೂ ರಕ್ತಸ್ರಾವದ ಅಪಾಯ ಇದೆ, ಈ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಜ್ವರ ಹಲ್ಲಿನದೋ ಬೇರೆಯದೋ ಎಂದು ಮನೆಯಲ್ಲಿ ತೀರ್ಮಾನ ಮಾಡಬೇಡಿ.

ಲವಂಗದ ಎಣ್ಣೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರಲ್ಲಿರುವ ಯುಜಿನಾಲ್ ನರವನ್ನು ಸ್ವಲ್ಪ ಹೊತ್ತು ಮಂಕು ಮಾಡುವುದು ಹೌದು. ಆದರೆ ಹಾಗೇ ಸುರಿದರೆ ವಸಡು ಸುಡುತ್ತದೆ. ಅದೂ ಅಲ್ಲದೆ ಯುಜಿನಾಲ್ ತಾಗಿದ ಕಡೆ ಕಾಂಪೊಸಿಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮತ್ತೆ ಫಿಲ್ಲಿಂಗ್ ಮಾಡಿಸುವ ಸಂದರ್ಭ ಬಂದರೆ ಲವಂಗದ ಎಣ್ಣೆ ಹಾಕಿದ್ದನ್ನು ಡಾಕ್ಟರಿಗೆ ಹೇಳಿ. ಸಿಮೆಂಟ್ ಭದ್ರವಾಗಿ ಕೂತ ಹಲ್ಲಿಗೆ ಹೊರಗಿಂದ ಲವಂಗ ಹಚ್ಚಿ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಬುಡಕ್ಕೆ ಒತ್ತಿಟ್ಟುಕೊಳ್ಳುವುದಂತೂ ಖಂಡಿತ ತಪ್ಪು. ವಸಡು ಬೆಳ್ಳಗೆ ಸುಟ್ಟುಹೋಗುತ್ತದೆ.

ಜುಮ್ ಎಂದರೆ ಎಣಿಸಿ

ಈಗ ಮುಖ್ಯ ವಿಷಯ. ತಣ್ಣಗಿನ ನೀರು ತಾಗಿದರೆ, ಜೋನಿಬೆಲ್ಲ ತಿಂದರೆ ಹಲ್ಲು ಜುಮ್ ಎನ್ನುತ್ತದೆ. ಯಾಕೆ? ಹಲ್ಲಿನ ಮೇಲಿನ ಗಟ್ಟಿ ಕವಚದ ಕೆಳಗೆ ಡೆಂಟಿನ್ ಎಂಬ ಪದರ ಇದೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಕೊಳವೆಗಳೊಳಗೆ ದ್ರವ. ತಂಪು ಅಥವಾ ಸಿಹಿ ತಾಗಿದಾಗ ಆ ದ್ರವ ಅಲುಗುತ್ತದೆ, ಅಲುಗಿದ್ದು ಒಳಗಿನ ನರಕ್ಕೆ ನೋವಾಗಿ ಮುಟ್ಟುತ್ತದೆ. ಹುಳುಕು ಕೊರೆಯುವಾಗ ಈ ಕೊಳವೆಗಳ ಬಾಯಿ ತೆರೆದಿರುತ್ತದೆ, ನರವೂ ಕೆರಳಿರುತ್ತದೆ. ಕಾಂಪೊಸಿಟ್ ಗಟ್ಟಿಯಾಗುವಾಗ ಸುಮಾರು 2-3 ಶೇಕಡಾ ಕುಗ್ಗುತ್ತದೆ ಕೂಡ. ಮಣ್ಣಿನ ನೆಲ ಒಣಗುವಾಗ ಅಂಚು ಬಿಡುತ್ತದಲ್ವಾ, ಹಾಗೆ ಒಂದು ಎಳೆಯಷ್ಟು ಸಂದಿ ಬಿಟ್ಟರೂ ಜುಮ್ ಎನ್ನುವುದು ಹೆಚ್ಚು. ಅಮಾಲ್ಗಮ್ ಲೋಹವಾದ್ದರಿಂದ ಬಿಸಿ ತಂಪನ್ನು ಬೇಗ ಒಳಗೆ ಸಾಗಿಸುತ್ತದೆ.

ತಂಪು ತಾಗಿದ ಮೇಲೆ ನೋವು ಎಷ್ಟು ಹೊತ್ತು ಉಳಿಯಿತು ಎಂದು ಮನಸ್ಸಿನಲ್ಲೇ ಎಣಿಸಿ. ಒಂದು, ಎರಡು, ಮೂರು... ಹತ್ತರ ಒಳಗೆ ಮಾಯವಾದರೆ ನರ ಕೆರಳಿದೆ, ಆದರೆ ಸುಧಾರಿಸಿಕೊಳ್ಳುತ್ತಿದೆ. ಎರಡರಿಂದ ನಾಲ್ಕು ವಾರ ಕೊಡಿ. ಆಳದ ಫಿಲ್ಲಿಂಗ್ ಆದರೆ ಇನ್ನೂ ಸ್ವಲ್ಪ ದಿನ ಹಿಡಿಯಬಹುದು. ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆಯೇ ಎಂಬುದೇ ಅಳತೆ.

ತಂಪು ಹೋಗಿ ಅರ್ಧ ನಿಮಿಷ ಆದರೂ ನೋವು ಎಳೆಯುತ್ತಲೇ ಇದ್ದರೆ ಅದು ಬೇರೆ ಕಥೆ. ಯಾವ ಕಾರಣವೂ ಇಲ್ಲದೆ ತಾನಾಗಿಯೇ ಬರುವ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬಿಸಿಗೆ ಏರಿ ತಣ್ಣೀರಿಗೆ ಇಳಿಯುವ ನೋವು, ಇವೂ ಅದೇ ಸಾಲಿನವು. ಒಳಗಿನ ನರ ಸುಧಾರಿಸುವ ಹಂತ ದಾಟಿದೆ ಎಂಬ ಸೂಚನೆ ಇದು. ಸಾಮಾನ್ಯವಾಗಿ ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ಆ ಜಾಗ ತುಂಬುವ ಚಿಕಿತ್ಸೆ, ಬೇಕಾಗುತ್ತದೆ. ಇಲ್ಲಿ ನಾಲ್ಕು ವಾರದ ಲೆಕ್ಕ ಹಿಡಿದು ಕೂರಬೇಡಿ.

ಕಾಯುವ ಜಾತಿಯ ನೋವಿಗೆ ಪೊಟಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವಿಟಿ ಪೇಸ್ಟ್ ತನ್ನಿ, ದಿನಕ್ಕೆ ಎರಡು ಸಲ. ರಾತ್ರಿ ಉಜ್ಜಿದ ಮೇಲೆ ಚೂರು ಪೇಸ್ಟನ್ನು ಬೆರಳಿನಿಂದ ಆ ಹಲ್ಲಿಗೆ ಸವರಿ ಹಾಗೇ ಮಲಗಿ. ಎರಡು ದಿನಕ್ಕೆ ಗುಣ ಕಾಣಲಿಲ್ಲ ಎಂದು ಬಿಡಬೇಡಿ, ಅದಕ್ಕೆ ಎರಡು ವಾರ ಬೇಕು. ಮುರುಗಲು ಶರಬತ್ತು, ಅಪ್ಪೆಹುಳಿ, ಕಾರವಾರದ ಕಡೆಯ ಸೋಲ್‌ಕಡಿ, ಎಲ್ಲವೂ ಹುಳಿಯೇ. ಪೂರ್ತಿ ಬಿಡಬೇಕಿಲ್ಲ. ಊಟದ ಜೊತೆ ಒಮ್ಮೆ ಕುಡಿದು ಮುಗಿಸಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬ್ರಶ್ ಮಾಡಬೇಡಿ. ಹುಳಿ ತಾಗಿದ ಹಲ್ಲಿನ ಮೇಲ್ಪದರ ಆಗ ಮೆತ್ತಗಿರುತ್ತದೆ, ಉಜ್ಜಿದರೆ ಸವೆಯುತ್ತದೆ.

ಕಚ್ಚಿದರೆ ನೋಯುವುದು

ಬಿಸಿಗೂ ಇಲ್ಲ, ತಂಪಿಗೂ ಇಲ್ಲ, ಕಚ್ಚಿದರೆ ಮಾತ್ರ ನೋವು ಎಂದರೆ ಮೊದಲು ಎತ್ತರದ ಫಿಲ್ಲಿಂಗನ್ನೇ ಅನುಮಾನಿಸಿ. ಕನ್ನಡಿ ಮುಂದೆ ನಿಧಾನ ಬಾಯಿ ಮುಚ್ಚಿ. ಆ ಹಲ್ಲು ಮೊದಲು ತಾಗಿ, ಉಳಿದವು ಆಮೇಲೆ ಕೂರುತ್ತವೆಯೇ? ಹಾಗಿದ್ದರೆ ಎರಡು ಮೂರು ದಿನದಲ್ಲೇ ಹೋಗಿ. "ಅಗಿದು ಅಗಿದು ಹೊಂದಿಕೊಳ್ಳುತ್ತದೆ" ಎಂಬ ಮಾತನ್ನು ನಂಬಿ ನಾನು ಇಪ್ಪತ್ತು ದಿನ ಕಳೆದೆ. ಪ್ರತಿ ತುತ್ತಿಗೂ ಪೆಟ್ಟು ತಿನ್ನುವ ಹಲ್ಲಿನ ಬೇರಿನ ಸುತ್ತ ಬಾವು ಬರುತ್ತದೆ, ಹಲ್ಲು ಬಿರುಕು ಬಿಡಲೂಬಹುದು. ಉಜ್ಜಿ ಸರಿ ಮಾಡಲು ಇಂಜೆಕ್ಷನ್ ಕೂಡ ಬೇಕಾಗುವುದಿಲ್ಲ.

ಕಚ್ಚಿದಾಗಲ್ಲ, ಕಚ್ಚಿ ಬಿಡುವಾಗ ಚುಳ್ ಎಂದರೆ ಬಿರುಕು ಇರಬಹುದು. ಅಡಿಕೆ ಜಗಿಯುವವರಲ್ಲಿ ಹಲ್ಲಿನ ಸವೆತ, ಬಿರುಕು ಹೆಚ್ಚು. ಹಾಗಾಗಿ ಕವಳ ಹಾಕುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಸಿಮೆಂಟ್ ಹಾಕಿಸಿದ ಬದಿಯಲ್ಲಿ ಗಟ್ಟಿ ಅಡಿಕೆ ಕಡಿಯುವುದನ್ನು ಶಾಶ್ವತವಾಗಿ ಬಿಡುವುದೇ ಸರಿ. ನಮ್ಮ ಮನೆಯ ಅನ್ನ ಅಡಿಕೆಯಿಂದಲೇ ಬರುತ್ತದೆ, ಆದರೂ ಇದನ್ನು ಹೇಳಲೇಬೇಕು.

ಇನ್ನೊಂದು ಸಣ್ಣ ತೊಂದರೆ: ಎರಡು ಹಲ್ಲಿನ ನಡುವೆ ಮೀನಿನ ಚೂರು, ಅವಲಕ್ಕಿ ಸಿಕ್ಕಿಕೊಂಡು ವಸಡು ನೋಯುವುದು. ಫಿಲ್ಲಿಂಗಿನ ಅಂಚು ಪಕ್ಕದ ಹಲ್ಲಿಗೆ ಸರಿಯಾಗಿ ಮುಟ್ಟದಿದ್ದರೆ ಹೀಗಾಗುತ್ತದೆ. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ. ಫ್ಲಾಸ್ ದಾರ ಬಳಸಿ. ದಿನಾ ಸಿಕ್ಕಿಕೊಳ್ಳುತ್ತಿದ್ದರೆ ತೋರಿಸಿ.

ಕಾಯಲೇಬಾರದ ಲಕ್ಷಣಗಳು

ಕೆನ್ನೆ ಅಥವಾ ವಸಡು ಊದಿದರೆ, ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬೇಡಿ, ಹೊರಗಿಂದ ತಣ್ಣಗಿನ ಬಟ್ಟೆ ಸಾಕು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ನುಂಗಬೇಡಿ. ಊತ ಕುತ್ತಿಗೆಗೋ ಕಣ್ಣಿನ ಕಡೆಗೋ ಇಳಿದರೆ ಅಥವಾ ಏರಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಲ್ಲಿನ ಕ್ಲಿನಿಕ್ ತೆರೆಯುವ ತನಕ ನಿಲ್ಲಬಾರದು. 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿ ಆಗಿರಲಿ, ಘಟ್ಟದ ದಾರಿ ಆಗಿರಲಿ, ಹೊರಡಿ.

ಡಾಕ್ಟರಿಗೆ ಹೇಗೆ ಹೇಳುವುದು

ದೂರದ ಊರಿನವರು ಮೊದಲು ಫೋನ್ ಮಾಡುತ್ತಾರೆ. "ತುಂಬಾ ನೋವು" ಎಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಫಿಲ್ಲಿಂಗ್ ಆದ ತಾರೀಕು, ಯಾವುದರಿಂದ ನೋವು ಬರುತ್ತದೆ, ಎಷ್ಟು ಸೆಕೆಂಡು ಉಳಿಯುತ್ತದೆ, ರಾತ್ರಿ ಎಬ್ಬಿಸುತ್ತದೆಯೇ, ಯಾವ ಮಾತ್ರೆ ತಿಂದಿರಿ, ಇಷ್ಟನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಹೀಗೆ ಹೇಳಿ: "ಡಾಕ್ಟ್ರೇ, ಹತ್ತು ದಿನದ ಹಿಂದೆ ಕೆಳಗಿನ ಬಲಗಡೆ ಸಿಮೆಂಟ್ ಹಾಕಿದ್ರಿ. ತಣ್ಣೀರಿಗೆ ಐದು ಸೆಕೆಂಡು ಜುಮ್ ಅನ್ನತ್ತೆ, ಅದು ಕಡಿಮೆ ಆಗ್ತಾ ಇದೆ. ಆದ್ರೆ ಕಚ್ಚಿದ್ರೆ ಆ ಹಲ್ಲೇ ಮೊದಲು ತಾಗತ್ತೆ. ಎತ್ತರ ಆಗಿದ್ಯಾ ನೋಡಿ ಕೊಡ್ತೀರಾ? ಯಾವತ್ತು ಬರ್ಲಿ?"